ಬೇಲಿಯಾಚೆ ಚೆಲ್ಲಿದ ಚರಗ

ಸೀಗಿ ಹುಣ್ಣಿಮೆಯ ದಿನ ಬಸುರಿ ಭೂಮಿಗೆ ಬಯಕೆಯೂಟವೆಂದು ನಮ್ಮ ಕಡೆ ಹೊಲದಲ್ಲಿ ಚರಗ, ಅಂದರೆ ಅನ್ನ ಕಡುಬಿನ ಎಡೆ, ಚೆಲ್ಲುತ್ತಾರೆ. ಬೇವೂರಿನ ದೊಡ್ಡವ್ವ ತನ್ನ ಹೊಲವನ್ನು ಸೋಲಾರ್ ಕಂಪನಿಗೆ ಲೀಸಿಗೆ ಕೊಟ್ಟ ಮೇಲೂ ಅದು ತನ್ನದೇ ಎಂದುಕೊಂಡಿದ್ದಳು. ಆ ವರ್ಷದ ಹುಣ್ಣಿಮೆಗೂ ಕಡುಬಿನ ಬುಟ್ಟಿ ಹೊತ್ತು ಹೊಲಕ್ಕೆ ಹೋದಳು. ನಾನೂ ಜೊತೆಗಿದ್ದೆ. ಗೇಟು ತೆರೆಯಲಿಲ್ಲ.

"ಒಳಗ ಬಿಡಂಗಿಲ್ಲ ಯವ್ವಾ. ಹೊರದೇಶದಾಗ ಯುದ್ಧ ನಡದೈತಿ, ಎಣ್ಣಿ ಹಡಗ ನಿಂತಾವು. ಈ ಕರೆಂಟ್ ಅಂದ್ರ ದೇಶದ ಭದ್ರತೆ ಅಂತ ಸಾಹೇಬ್ರು ಹೇಳ್ಯಾರ," ಎಂದ ಕಾವಲುಗಾರ.

"ನನ್ನ ಕಡಬಿನ್ಯಾಗ ಬಾಂಬ್ ಐತೇನೋ ಯಪ್ಪಾ?" ಎಂದಳು ದೊಡ್ಡವ್ವ. "ಬಸುರಿನ್ನ ಉಪವಾಸ ಕೆಡವಿ ಯಾವ ದೇಶ ಕಾಯ್ತೀರಿ?"

ಪರದೇಶದ ಎಣ್ಣೆಗೆ ಕೈಯೊಡ್ಡಬಾರದು, ಬಿಸಿಲು ಗಾಳಿ ನಮ್ಮವೇ ಎಂದು ನಾನೇ ಪತ್ರಿಕೆಯಲ್ಲಿ ಹಲವು ಸಲ ಬರೆದಿದ್ದೇನೆ. ಈಗಲೂ ಆ ಮಾತು ಸರಿಯೆಂದೇ ನಂಬುತ್ತೇನೆ. ಆದರೆ ಎಲ್ಲೋ ಹಡಗು ನಿಂತ ಭಯವನ್ನು ಹೊಲದೊಡತಿಯ ಬುಟ್ಟಿಯ ಮೇಲೆ ತೀರಿಸಿಕೊಂಡು, ಅದನ್ನೇ ಭದ್ರತೆ ಎನ್ನುವವರನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ದೊಡ್ಡವ್ವ ತಂತಿಬೇಲಿಯ ಮೇಲಿಂದಲೇ ಚರಗ ಎಸೆದಳು. ಅದು ಮಣ್ಣು ಮುಟ್ಟಲಿಲ್ಲ, ಸೋಲಾರ್ ಫಲಕದ ಮೇಲೆ ಬಿತ್ತು. ಕಾವಲುಗಾರ ಬಟ್ಟೆ ತಂದು ಒರೆಸಿಬಿಟ್ಟ.