ಮೇಲಿನ ಕೊಂಬೆಯ ಹಣ್ಣು

ಮೊನ್ನೆ ಊಟಿಯ ಮಾರ್ಕೆಟ್ಟಿನಲ್ಲಿ ಯಾರೋ ಹುಲ್ಲು ಸರಿಸಿ ಮಾವಿನ ಬುಟ್ಟಿ ಬಿಚ್ಚಿದರು. ಆ ವಾಸನೆಗೆ ಅಕ್ಕಪಕ್ಕದವರೆಲ್ಲ ಬುಟ್ಟಿಯತ್ತ ಬಾಗಿದರು. ನಾನು ಹಿಂತಿರುಗಿ ನೋಡಿದೆ. ಬೆನ್ನ ಹಿಂದೆ ಬರಿ ಗೋಡೆ...

ತೊಂಬತ್ತರ ದಶಕದಲ್ಲಿ ನಮ್ಮ ಮನೆ ಬೆಟ್ಟದ ಬುಡದ ಮಸಿನಗುಡಿಯಲ್ಲಿತ್ತು. ಪಕ್ಕದ ಮನೆಯ ಅಜ್ಜಿ ಬೆಟ್ಟದ ಮೇಲಿನ ಹುಬ್ಬತಲೈ ಕಡೆಯವರು, ಬಡಗ ಜನಾಂಗದವರು. ಅವರ ಮಾತಿನಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತಾರೆ. ನಾವೂ ಹಾಗೇ ಕರೆಯುತ್ತಿದ್ದೆವು. ಮೇಲಿನ ಊರಿನಲ್ಲಿ ಅವರು ಎಷ್ಟೋ ಸಲ ಮಾವಿನ ಸಸಿ ನೆಟ್ಟಿದ್ದರಂತೆ. ಚಳಿಗಾಲದ ಹಿಮಕ್ಕೆ ಎಲ್ಲವೂ ಕರಿಗಟ್ಟಿ ಸತ್ತವು. ಮಗನ ಜೊತೆ ಇಳಿದು ಬಂದ ಮೇಲೆ ಊರಿದ ಗೊರಟೆ ಮಾತ್ರ ಬಿಸಿಲುಂಡು ಮರವಾಯಿತು. ತನ್ನ ಮರದಲ್ಲೇ ಮಾಗಿದ ಒಂದು ಹಣ್ಣು ತಿನ್ನಬೇಕು, ಅಷ್ಟೇ ಅವರ ಆಸೆ.

ನಮ್ಮ ಬೀದಿಯಲ್ಲಿ ಯಾರೂ ಕಾಯಿಯನ್ನು ಮರದಲ್ಲಿ ಮಾಗಲು ಬಿಡುತ್ತಿರಲಿಲ್ಲ. ವಾಸನೆ ಹುಟ್ಟುವ ಮೊದಲೇ ಕಿತ್ತು ಉಪ್ಪಿಗೆ ಹಾಕುತ್ತಿದ್ದರು. ಬೇಲಿಯಾಚೆಯೇ ಕಾಡು, ಕಾಡಿನಲ್ಲಿ ಆನೆ.

"ಹೆತ್ತೆ, ಕಾಯಲ್ಲೇ ಕಿತ್ಬುಡಿ. ವಾಸ್ನೆ ಕಾಡ್ಗಂಟ ಹೋಯ್ತದ," ಎಂದಳು ಅವ್ವ.

"ಉಪ್ಪಿನಕಾಯಿ ತಿನ್ನಕ್ಕಾ ನಾ ಬೆಟ್ಟ ಇಳ್ದು ಬಂದಿದ್ದು? ಕೆಳಗಿಂದೆಲ್ಲ ನೀನೇ ಕಿತ್ಕೊ, ಮೇಲಿನ ಕೊಂಬೆ ನಂದು. ನಿಂಗೂ ಆನೆಗೂ ನನ್ನ ಮರದ ಮೇಲೇ ಕಣ್ಣು."

ಆ ವರ್ಷ ಹೂ ಬಿಟ್ಟಾಗ ಮಳೆಯಿಲ್ಲ, ಮಂಜಿಲ್ಲ. ಮಾವು ಕಾಯಿ ಕಚ್ಚಲು ಅಂಥ ಒಣಹವೆ ಬೇಕೆಂದು ನನ್ನ ಕಾಲೇಜಿನ ಪಾಠದಲ್ಲಿತ್ತು. ಅದೇ ಒಣಹವೆ ಕಾಡಿನ ಕೆರೆಗಳನ್ನು ಬತ್ತಿಸುತ್ತದೆ ಎಂಬುದು ಪಾಠದಲ್ಲಿರಲಿಲ್ಲ. ಮೊದಲು ಬೀದಿಯ ಕೊನೆಯಲ್ಲಿ ಲದ್ದಿ ಕಂಡಿತು. ಆಮೇಲೆ ಹೆತ್ತೆಯ ಬೇಲಿಕಂಬ ಮುರಿದಿತ್ತು. ಮೇಲಿನ ಕೊಂಬೆಯ ಕಾಯಿ ಹಳದಿಯಾಗುತ್ತಲೇ ಇತ್ತು.

ಒಂದು ಸಂಜೆ ಹಣ್ಣು ಬಿದ್ದ ಸದ್ದಾಯಿತು. ಅದೇ ಮೊದಲನೆಯದೆಂದು ನನ್ನ ನೆನಪು. ಹೆತ್ತೆ ಹೊರಬಂದರು.

"ಒಳಕ್ಕೋಗಿ ಹೆತ್ತೆ, ನಾಯಿಗಳು ಉಸಿರೇ ಬುಡ್ತಿಲ್ಲ, ಆನೆ ಹತ್ರದಲ್ಲೇ ಅದ," ಎಂದು ಅವ್ವ ಕೂಗಿದಳು.

"ಇದೊಂದು ಎತ್ಕೊಂಡು ಬತ್ತೀನಿ, ಇರು."

ಮರದ ಹಿಂದಿನ ನೆರಳು ಅಲುಗಿತು... ಅಗಲವಾದ ಆ ಕಿವಿಯನ್ನು ಕಣ್ಣಾರೆ ಕಂಡೆನೆಂದೇ ನಾನು ನಂಬಿದ್ದೆ. ನೀನು ಒಳಗೆ ರೇಡಿಯೊ ಕೇಳುತ್ತಿದ್ದೆ ಎನ್ನುತ್ತಾಳೆ ಅವ್ವ. ನಾಯಿಗಳು ನಿಜವಾಗಿ ಸುಮ್ಮನಿದ್ದವೇ? ಅದೂ ಖಾತ್ರಿಯಿಲ್ಲ. ಹೆತ್ತೆ ಬದುಕಲಿಲ್ಲ ಎಂಬುದಷ್ಟೇ ಖಾತ್ರಿ.

ಹದಿನೈದು ದಿನ ಕಳೆಯುವುದರೊಳಗೆ ಮಗ ಮರ ಕಡಿಸಿದರು. ಈಗ ಅಲ್ಲಿ ಪ್ರವಾಸಿಗರ ಕಾಟೇಜಿದೆ.

ಮೊನ್ನೆ ಮನೆಗೆ ಬಂದವನೇ ಅವ್ವನನ್ನು ಕೇಳಿದೆ, ಹೆತ್ತೆ ಒಂದಾದರೂ ಹಣ್ಣು ತಿಂದಿದ್ದರೇ ಎಂದು.

"ತಿಂದಿದ್ರು ಕಣಪ್ಪ, ಅವತ್ತು ಮಧ್ಯಾನವೇ. ಮೊಣಕೈಗಂಟ ರಸ ಸುರೀತಿತ್ತು."

ಬೇಗ ಹೇಳಿದಳು, ತೀರಾ ಬೇಗ. ಎಲ್ಲದಕ್ಕೂ ಸಾಕ್ಷಿ ಕೇಳುವವನು ನಾನು. ಮತ್ತೆ ಕೇಳಲಿಲ್ಲ.