ಬಾನೆಟ್ ಮೇಲೆ ಬಂದ ರಕ್ತ

ಕೋವಿಡ್ ಕಳೆದ ಮೊದಲ ಬೇಸಿಗೆ. ಚಿತ್ರದುರ್ಗದ ಖಾಸಗಿ ಲ್ಯಾಬೊಂದಕ್ಕೆ ಸಾಫ್ಟ್‌ವೇರ್ ಬರೆದುಕೊಟ್ಟು ಆರು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೆ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದ ಶಾಖೆಗಳಲ್ಲಿ ತೆಗೆದ ರಕ್ತ ಬಸ್ಸಿನಲ್ಲಿ ದುರ್ಗಕ್ಕೆ ಬರುತ್ತಿತ್ತು. ಪರೀಕ್ಷೆಯ ಫಲಿತಾಂಶವನ್ನು ನನ್ನ ಪ್ರೋಗ್ರಾಂ ಆಯಾ ಶಾಖೆಗೆ ಕಳಿಸುತ್ತಿತ್ತು.

ಪ್ರೋಗ್ರಾಂನ ಒಂದು ಸಾಲನ್ನು ಯಾಕೆ ಬರೆದೆವೆಂದು ಪಕ್ಕದಲ್ಲಿ ನಮ್ಮ ಮಾತಿನಲ್ಲಿ ಬರೆದಿಡುವುದಕ್ಕೆ ಕಾಮೆಂಟ್ ಎನ್ನುತ್ತೇವೆ. ಕಂಪ್ಯೂಟರ್ ಅದನ್ನು ಓದುವುದಿಲ್ಲ, ಅದು ಮುಂದೆ ಬರುವ ಮನುಷ್ಯನಿಗೆ. ನಾನು ಬರೆಯುತ್ತಿರಲಿಲ್ಲ. ಬರೆಯುವವನೂ ನಾನೇ, ಓದುವವನೂ ನಾನೇ, ಯಾರಿಗೆ ಹೇಳಬೇಕು ಎಂಬ ಕೊಬ್ಬು.

ಪೊಟ್ಯಾಶಿಯಂ ರಿಪೋರ್ಟ್ ಯಾವಾಗಲೂ ತಡವೆಂದು ಹೊಸದುರ್ಗದಿಂದ ದೂರು ಬಂತು. ಹುಡುಕಿದರೆ ಒಂದು ಸಾಲು ಸಿಕ್ಕಿತು. ಹಿರಿಯ ಟೆಕ್ನಿಷಿಯನ್ ದಸ್ತಗೀರ್ ಸಾಬರು ಒಪ್ಪುವವರೆಗೆ ಹೊಸದುರ್ಗದ ಪೊಟ್ಯಾಶಿಯಂ ಫಲಿತಾಂಶವನ್ನು ಅದು ತಡೆದಿಡುತ್ತಿತ್ತು. ಬೇರೆ ಶಾಖೆಗಳಿಗೆ ಈ ತಡೆ ಇರಲಿಲ್ಲ. ಸಾಬರು ಮಗಳ ಮದುವೆಗೆ ರಜೆ ಹಾಕಿದ್ದರು. ಒಂದು ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಕಾರಣ ಕಾಣಲಿಲ್ಲವೆಂದು ಸಾಲನ್ನು ಅಳಿಸಿದೆ.

ಅದೇ ವಾರ ಮಾಡದಕೆರೆಯ ಅಂಗನವಾಡಿ ಕಾರ್ಯಕರ್ತೆ ಶಾರದಮ್ಮ ವಾಂತಿಭೇದಿಯಿಂದ ಸೋತು ಹೊಸದುರ್ಗಕ್ಕೆ ಬಂದರು. ನಮ್ಮ ರಿಪೋರ್ಟಿನಲ್ಲಿ ಪೊಟ್ಯಾಶಿಯಂ 4.2, ನಾರ್ಮಲ್. ಅದನ್ನು ನಂಬಿ ಅಲ್ಲಿನ ಡಾಕ್ಟರು ಮನೆಗೆ ಕಳಿಸಿದರು. ಮರುದಿನ ದುರ್ಗದ ಆಸ್ಪತ್ರೆಯಲ್ಲಿ ಮತ್ತೆ ನೋಡಿದಾಗ 1.9. ಅಷ್ಟು ಇಳಿದರೆ ಹೃದಯದ ಬಡಿತ ತಪ್ಪುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವರು ತೀರಿಕೊಂಡರು.

ಸಾಬರು ರಜೆ ಮುಗಿಸಿ ಬಂದು ನನ್ನನ್ನು ಕೂರಿಸಿಕೊಂಡರು. "ಹೊಸದುರ್ಗದೋರು ರಕ್ತದ ಡಬ್ಬಿನ ಬಸ್ಸಲ್ಲಿ ಡ್ರೈವರ್ ಪಕ್ಕ, ಇಂಜಿನ್ ಬಾನೆಟ್ ಮೇಲೆ ಇಟ್ಟು ಕಳಿಸ್ತಾರೆ. ಕಾದು, ಕುಲುಕಿ ರಕ್ತದ ಕಣ ಒಡೀತಾವೆ. ಅದ್ರೊಳಗಿನ ಪೊಟ್ಯಾಶಿಯಂ ಹೊರಗೆ ಬಂದು ಕಮ್ಮಿ ಇರೋದೂ ನಾರ್ಮಲ್ ಅಂತ ತೋರಿಸ್ತೈತೆ. ಅದಕ್ಕೇ ನಾನು ಟ್ಯೂಬಲ್ಲಿ ಮೇಲಿನ ನೀರು ಕೆಂಪಾಗೈತಾ ಅಂತ ನೋಡಿ ರಿಪೋರ್ಟ್ ಬಿಡ್ತಿದ್ದೆ."

"ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ದೆ ಅಲ್ಲೇನ್ರಿ ಸಾರ್. ಅದನ್ನ ಕೇಳೇ ನೀವು ಆ ಸಾಲು ಬರೆದ್ರಿ."

ನನಗೆ ಒಂದಿಷ್ಟೂ ನೆನಪಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವರು ಶಾರದಮ್ಮ.

ಮಾಡದಕೆರೆಗೆ ಹೋಗಿ ಅವರ ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು, "ಬಾನೆಟ್ ಬಿಸಿ ಇರ್ತೈತೆ ಅಂತ ಬಸ್ ಹತ್ತೋರಿಗೆಲ್ಲ ಗೊತ್ತು. ಅಷ್ಟನ್ನ ಬರೆದಿಡಾಕೆ ಆಗಲಿಲ್ಲೇನ್ರಿ ನಿಮಗೆ?" ಎಂದರು.

ಆ ಸಾಲನ್ನು ಮರಳಿ ಹಾಕಿದ್ದೇನೆ. ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದೇನೆ. ನೆನಪನ್ನು ನಂಬಬಾರದು ಎಂಬ ಪಾಠವನ್ನು ಈಗ ಹೊಸಬರಿಗೆ ಹೇಳಿಕೊಡುತ್ತೇನೆ, ಹೇಳುವಾಗಲೆಲ್ಲ ನಾಚಿಕೆಯಾಗುತ್ತದೆ. ಆ ಕಾಮೆಂಟ್ ಬರೆಯಲು ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ.