ವಿಲಿಕೇಸನ ಮುಂದಿನ ಹಲ್ಲುಗಳು

ಸಿಂಗತೋಕ ನದಿಯ ದಂಡೆಯ ಆ ಊರಿನಲ್ಲಿ ಒಡೆಯರಾದವರು ಸಭೆಯಲ್ಲಿ ತಾವೇ ಮಾತಾಡುವುದಿಲ್ಲ. ಅವರ ಪರವಾಗಿ ಆಡುವುದಕ್ಕೆ ಊರ ಮಾತುಗಾರನಿದ್ದಾನೆ. ವಿಲಿಕೇಸನ ತಾತ ಆ ಕೆಲಸ ಮಾಡಿದ, ಅಪ್ಪ ಮಾಡಿದ, ಈಗ ವಿಲಿಕೇಸ. ಸಾವಿರಲಿ, ಮದುವೆಯಿರಲಿ, ಅವನು ಚಾಪೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡನೆಂದರೆ ಎಂಥ ಗಲಾಟೆಯ ಮನೆಯೂ ಗಪ್‌ಚುಪ್. ಹಳೆಯ ಮಾತುಗಳನ್ನು ಒಂದಕ್ಷರ ಜಾರದಂತೆ ಹೇಳಬೇಕು. ಜಾರಿತೋ, ಹಿಂದಿನಿಂದ ಯಾರೋ ಕಿಸಕ್ಕೆನ್ನುತ್ತಾರೆ, ಆಮೇಲೆ ಮನೆಗೆ ಮನೆಯೇ ನಗುತ್ತದೆ. ಈ ಊರಿನವರು ಅಂಥ ಸಾಧುಗಳೇನಲ್ಲ.

ನಲವತ್ತು ದಾಟಿದರೂ ವಿಲಿಕೇಸ ರಗ್ಬಿ ಬಿಟ್ಟಿರಲಿಲ್ಲ. ಅವನ ಹೆಂಡತಿ ವಿನಿಯಾನಳಿಗೆ ಅದೇ ತಲೆನೋವು.

"ಮುಂದಿನ ವಾರ ಹೊಸ ಒಡೆಯರ ಪಟ್ಟ ಇದೆ. ಅಲ್ಲಿ ಬೇಕಾಗಿರೋದು ನಿಮ್ಮ ಬಾಯಿ ಕಣ್ರೀ. ಈ ಶನಿವಾರ ಸುಮ್ನೆ ಮನೇಲಿ ಬಿದ್ದಿರಬಾರ್ದಾ?"

"ಪಕ್ಕದೂರಿನ ಮೇಲೆ ಮ್ಯಾಚು ಕಣೇ. ಬಿಟ್ಟರೆ ಜನ ಏನಂತಾರೆ?"

ಬೈದು ಬೈದು ಸಾಕಾಗಿ, ಅವಳೇ ಅವನನ್ನು ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಅವನ ಹಲ್ಲಿನ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ, ಆಟದಲ್ಲಿ ಹಲ್ಲು ಕಾಯುವ ಒಂದು ಮೌತ್‌ಗಾರ್ಡ್ ಮಾಡಿಕೊಟ್ಟರು. ಹಾಕಿಕೊಂಡರೆ ಸ್ವಂತ ಚರ್ಮದಂತೆ ಕೂರುತ್ತಿತ್ತು. ವಿಲಿಕೇಸ ಅದನ್ನು ಕಂಡವರಿಗೆಲ್ಲ ತೋರಿಸಿದ. ಅಲ್ಲೇ ಎಡವಟ್ಟಾಯಿತು.

ಶನಿವಾರ ಆಟಕ್ಕೆ ಮುಂಚೆ ಅವನ ಅಕ್ಕನ ಮಗ ಇಸಿಮೇಲಿ ಬಂದು ಎದುರಿಗೆ ನಿಂತ. ಇಸಿಮೇಲಿ ಪಕ್ಕದೂರಿನವನು, ಎದುರು ತಂಡದವನು.

"ಮಾವ, ಆ ಗಾರ್ಡ್ ಕೊಡು."

"ಲೋ, ಅದು ನನ್ನ ಬಾಯಿಗೆ ಮಾಡಿಸಿದ್ದು ಕಣೋ!"

"ಬಾಯಿ ಬಾಯೇ ಅಲ್ವಾ ಮಾವ? ನಂಗೆ ಮದುವೆ ಗೊತ್ತಾಗಿದೆ. ಹಲ್ಲು ಹೋದ್ರೆ ಆ ಹುಡುಗಿ ತಿರುಗಿ ನೋಡ್ತಾಳಾ?"

ಅಕ್ಕನ ಮಗ ಕೇಳಿದರೆ ತಾಯಿಯ ತವರಿನಲ್ಲಿ ಇಲ್ಲವೆನ್ನುವವರುಂಟೇ? ಹಂದಿ ಕೇಳಿದರೆ ಹಂದಿ, ದೋಣಿ ಕೇಳಿದರೆ ದೋಣಿ. ಅವನು ವೈರಿ ತಂಡದ ಅಂಗಿ ಹಾಕಿದ್ದರೂ ಅಳಿಯ ಅಳಿಯನೇ. ವಿಲಿಕೇಸನಿಗೆ ಹೊಟ್ಟೆ ಉರಿಯಿತು. ಆದರೂ ಗಾರ್ಡನ್ನು ಅಂಗಿಗೆ ಒರೆಸಿ ಕೊಟ್ಟ. ಬೇಲಿಯಾಚೆ ನಿಂತಿದ್ದ ವಿನಿಯಾನ ಹಣೆ ಚಚ್ಚಿಕೊಂಡಳು.

ದ್ವಿತೀಯಾರ್ಧದಲ್ಲಿ ಇಸಿಮೇಲಿ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಗೆರೆಯ ಕಡೆ ನುಗ್ಗಿದ. ತಡೆಯುವುದಕ್ಕೆ ಇದ್ದವನು ಮಾವ ಒಬ್ಬನೇ. ಬಿಟ್ಟುಬಿಡಬಹುದಿತ್ತು. ವಿಲಿಕೇಸ ಬಿಡಲಿಲ್ಲ, ಅವನ ಕಾಲು ತಬ್ಬಿ ಕೆಡವಲು ಹಾರಿದ. ಅಳಿಯನ ಮೊಣಕಾಲು ನೇರ ಅವನ ಬಾಯಿಗೆ ಬಡಿಯಿತು. ಮೇಲಿನ ನಾಲ್ಕು ಹಲ್ಲು ಹುಲ್ಲಿನ ಮೇಲೆ ಬಿದ್ದವು.

ಅಳಿಯನ ಬಾಯಲ್ಲಿ ಗಾರ್ಡ್ ಇರಲಿಲ್ಲ. ಅದು ತನ್ನ ಬಾಯಿಗೆ ಸಡಿಲವಾಗಿ, ವಾಂತಿ ಬಂದಂತಾಯಿತೆಂದು ಅವನು ಆಗಲೇ ತೆಗೆದು ಕಾಲುಚೀಲಕ್ಕೆ ಸಿಕ್ಕಿಸಿಕೊಂಡಿದ್ದ. ಹಲ್ಲು ಮುರಿದ ಮೊಣಕಾಲಿನ ಕೆಳಗೇ ಆ ಗಾರ್ಡ್ ಬೆಚ್ಚಗೆ ಕೂತಿತ್ತು. ಹೊಸ ಹಲ್ಲು ಕಟ್ಟಬೇಕಾದರೆ ಒಸಡು ಮಾಯಬೇಕು, ಅದಕ್ಕೆ ತಿಂಗಳುಗಳೇ ಬೇಕು ಎಂದರು ಡಾಕ್ಟರು.

ಸೋಮವಾರ ಮಧ್ಯಾಹ್ನ ಇಸಿಮೇಲಿ ತನ್ನ ಊರಿನ ಹಿರಿಯರ ಜೊತೆ ತಪ್ಪೊಪ್ಪಿಕೊಳ್ಳಲು ಊರ ಸಭೆಗೆ ಬಂದ. ಅವರು ರೂಢಿಯಂತೆ ತಪ್ಪುಕಾಣಿಕೆಯಾಗಿ ಹಗ್ಗ ಕಟ್ಟಿದ ತಿಮಿಂಗಿಲದ ಹಲ್ಲೊಂದನ್ನು ತಂದು ಚಾಪೆಯ ಮೇಲಿಟ್ಟರು. ಇಸಿಮೇಲಿ ತಲೆಯೆತ್ತಲೇ ಇಲ್ಲ. "ತಪ್ಪಾಯ್ತು ಮಾವ" ಎಂದು ಅತ್ತ.

ಊರಿನ ಪರವಾಗಿ ಅದನ್ನು ಸ್ವೀಕರಿಸುವವನು ಮಾತುಗಾರನೇ. ವಿಲಿಕೇಸ ಆ ಹಲ್ಲನ್ನು ಎರಡು ಕೈಯಲ್ಲಿ ಎತ್ತಿಕೊಂಡು ಶುರು ಮಾಡಿದ. ಗಾಳಿ ಪುಸ್ಸೆಂದು ಹೊರಗೆ ಹೋಯಿತು. ಪೂರ್ವಿಕರ ಹೆಸರುಗಳು ಒಂದೂ ನೆಟ್ಟಗೆ ಬರಲಿಲ್ಲ. ಅವನ ಕಿವಿ ಬಿಸಿಯಾಯಿತು. ಇನ್ನೇನು ನಗುತ್ತಾರೆ ಎಂದು ಕಾದ, ನಗಲಿ ಎಂದೇ ಬಯಸಿದ. ತಾನೂ ಅವರ ಜೊತೆ ನಕ್ಕುಬಿಟ್ಟರೆ ಮುಗಿಯಿತಲ್ಲ.

ಯಾರೂ ನಗಲಿಲ್ಲ. ಮುದುಕರು ಚಾಪೆಯನ್ನೇ ನೋಡುತ್ತಿದ್ದರು. ಪಟ್ಟವೇರಲಿದ್ದ ಒಡೆಯರು, ಎಂದೂ ಸಭೆಯಲ್ಲಿ ತಾವಾಗಿ ಮಾತಾಡದವರು, ಮೆಲ್ಲಗೆ, "ಸಾಕು ವಿಲಿಕೇಸ, ಇನ್ನುಳಿದದ್ದು ನಾನೇ ಹೇಳ್ತೀನಿ" ಎಂದರು.